ದಿನಾ ನಡೀತೀನಿ, ಶುಗರ್ ಮಾತ್ರ ಇಳೀತಿಲ್ಲ: ಅನುಭವ ಇರೋರು ಹೇಳಿ

ನನಗೆ 47. ವರ್ಷದಿಂದ ದಿನಾ ಬೆಳಿಗ್ಗೆ ಲಾಲ್‌ಬಾಗಿನಲ್ಲಿ ಮುಕ್ಕಾಲು ಗಂಟೆ ನಡೀತಿದೀನಿ. ರಕ್ತದ ಸಕ್ಕರೆಯ ಸರಾಸರಿ ತೋರಿಸೋ ಎಚ್‌ಬಿಎ1ಸಿ ಪರೀಕ್ಷೆ 6.2ರಿಂದ ಕದಲ್ತಿಲ್ಲ. ಮಾತ್ರೆ ಇನ್ನೂ ಶುರುವಾಗಿಲ್ಲ. "ಇನ್ನು ಸ್ವಲ್ಪ ಜೋರಾಗಿ ಮಾಡಿ" ಅಂದರು ಡಾಕ್ಟರು. ಜೋರು ಅಂದ್ರೆ ಎಷ್ಟು? ಓಡಲೇಬೇಕಾ?

ಬಸವನಗುಡಿಯಿಂದ:
ಓಡಬೇಕಾಗಿಲ್ಲ ಸರ್. ಎರಡು ವರ್ಷದ ಹಿಂದೆ ನನ್ನದು 6.3 ಇತ್ತು. ನಾವು ನಾಲ್ಕು ಜನ ಹರಟೆ ಹೊಡ್ಕೊಂಡು ಸುತ್ತು ಹಾಕ್ತಿದ್ವಿ. ಹೊತ್ತು ಹೋಗ್ತಿತ್ತು, ಮೈ ಬೆವರ್ತಿರಲಿಲ್ಲ. ನನಗೆ ಉಪಯೋಗಕ್ಕೆ ಬಂದ ಅಳತೆ ಒಂದೇ: ನಡೀವಾಗ ಮಾತಾಡೋಕಾಗಬೇಕು, ಹಾಡೋಕಾಗಬಾರದು. ಅದು ಮಧ್ಯಮ. ನಾಲ್ಕು ಪದಕ್ಕೇ ಉಸಿರಿಗೆ ನಿಲ್ಲಬೇಕಾದ್ರೆ ಅದು ಬಿರುಸು. ದೇವರನಾಮ ಗುನುಗಿ ನೋಡಿ, ಎರಡನೇ ಸಾಲಿಗೆ ಕಷ್ಟವಾದ್ರೆ ವೇಗ ಸರಿಯಾಗಿದೆ.

ಆಮೇಲೆ ವಾರಕ್ಕೆ ಮೂರು ದಿನ ಲಾಲ್‌ಬಾಗಿನ ಬಂಡೆ ಹತ್ತೋಕೆ ಹಿಡಿದೆ. ಬುಡದಿಂದ ಕೆಂಪೇಗೌಡ ಗೋಪುರದವರೆಗೆ ಬಿರಬಿರನೆ ಹತ್ತೋದು, ಉಸಿರು ಹದಕ್ಕೆ ಬರೋವರೆಗೆ ನಿಲ್ಲೋದು, ನಿಧಾನಕ್ಕೆ ಇಳಿಯೋದು. ಮೊದಲ ವಾರ ಎರಡೇ ಸಲ. ಗೋಪುರದ ಹತ್ತಿರ ನಿಂತ್ರೆ ಕಿವಿಯೊಳಗೆ ಎದೆಬಡಿತ ಕೇಳಿಸ್ತಿತ್ತು. ಎರಡು ತಿಂಗಳಲ್ಲಿ ಐದು ಸಲಕ್ಕೆ ಬಂದೆ. ಹೀಗೆ ಆಗಾಗ ದುಡಿಸಿದ್ರೆ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳೋದನ್ನ ರೂಢಿಸಿಕೊಳ್ಳುತ್ತೆ. ಬೆಳಿಗ್ಗೆ ಎದ್ದಾಗ 82 ಇರ್ತಿದ್ದ ನಾಡಿ 72ಕ್ಕೆ ಇಳೀತು. ಆರು ತಿಂಗಳಿಗೆ ಎಚ್‌ಬಿಎ1ಸಿ 5.8. ರಾತ್ರಿ ಅನ್ನ ಅರ್ಧ ಮಾಡಿದ್ದೆ, ಅದನ್ನೂ ಹೇಳಲೇಬೇಕು. ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಸರಾಸರಿ ತೋರಿಸೋ ಪರೀಕ್ಷೆ, ತಿಂಗಳಿಗೇ ಮಾಡಿಸಿ ಬೇಜಾರಾಗಬೇಡಿ.

ವಿಜಯನಗರದಿಂದ:
ನನಗೆ ಮಂಡಿನೋವು, ಬಂಡೆ ಗಿಂಡೆ ಆಗಲ್ಲ. ರಾತ್ರಿ ಊಟ ಆದ ಮೇಲೆ ತಾರಸಿಯಲ್ಲಿ 15 ನಿಮಿಷ ನಡೀತೀನಿ. ಅದೇ ಮುದ್ದೆ, ಅದೇ ಸಾರು ಉಂಡು ಕೂತ ದಿನ ಗ್ಲೂಕೋಮೀಟರ್ 178 ತೋರಿಸ್ತು, ನಡೆದ ದಿನ 141. ದುಡಿಯೋ ಸ್ನಾಯು ಇನ್ಸುಲಿನ್‌ಗೆ ಕಾಯದೆ ರಕ್ತದಿಂದ ಸಕ್ಕರೆ ಎಳ್ಕೊಳ್ಳುತ್ತಂತೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರೋದು ವಾರಕ್ಕೆ ಮಧ್ಯಮವಾದ್ರೆ 150ರಿಂದ 300 ನಿಮಿಷ, ಬಿರುಸಾದ್ರೆ 75ರಿಂದ 150. ಜೊತೆಗೆ ಎರಡು ದಿನ ಸ್ನಾಯು ಗಟ್ಟಿ ಮಾಡೋ ವ್ಯಾಯಾಮ. ನಾನು ಕುರ್ಚಿಯಿಂದ ಕೈ ಊರದೆ ಏಳೋದು, ಕೂರೋದು ಮಾಡ್ತೀನಿ.

ಮಹದೇವಪುರದಿಂದ:
ದಯವಿಟ್ಟು ಬಿರುಸಿಗೆ ಹೋಗೋ ಮುಂಚೆ ಡಾಕ್ಟರ ಹತ್ತಿರ ಹೃದಯ ತೋರಿಸ್ಕೊಳ್ಳಿ. ನಾನು 44ಕ್ಕೆ ಜಿಮ್ ಸೇರಿದೆ, ಮೊದಲ ದಿನವೇ ಟ್ರೆಡ್‌ಮಿಲ್ ಮೇಲೆ ಓಡಿಸಿದ್ರು. ಎಂಟನೇ ನಿಮಿಷಕ್ಕೆ ಎದೆ ಹಿಂಡಿದ ಹಾಗಾಗಿ ನೋವು ದವಡೆಗೆ ಏರಿತು. ಸ್ಟೆಂಟ್ ಹಾಕಿದ್ರು. ನಮ್ಮಪ್ಪನಿಗೆ 50ಕ್ಕೇ ಹೃದಯಾಘಾತ ಆಗಿತ್ತು. ಜಿಮ್‌ನೋರು ಅದನ್ನ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಡಾಕ್ಟರು ಹೇಳಿದ ಮಿತಿಯಲ್ಲೇ ಜೋರು ನಡಿಗೆ. ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳೋರು ವಾಚಿನ ಬಡಿತ ನೋಡಿ ಲೆಕ್ಕ ಹಾಕಬೇಡಿ, ಆ ಮಾತ್ರೆ ಬಡಿತವನ್ನ ಹೆಚ್ಚು ಏರೋಕೆ ಬಿಡಲ್ಲ. ಉಸಿರನ್ನೇ ನೋಡಿ.

ಮತ್ತೆ ಬಸವನಗುಡಿಯಿಂದ:
ಇವರು ಹೇಳಿದ್ದು ಸರಿ, ಮೊದಲು ತೋರಿಸ್ಕೊಳ್ಳಿ. ಮಳೆ ಬಂದ ದಿನ ಬಂಡೆ ಜಾರುತ್ತೆ, ಆಗ ಕೆಳಗೇ ದಾರಿಯಲ್ಲಿ ಎರಡು ನಿಮಿಷ ಜೋರು, ಎರಡು ನಿಮಿಷ ನಿಧಾನ ಅಂತ ನಡೀರಿ.