ಅಪ್‌ಡೇಟ್: ಬಾಗಿಲ ಹತ್ತಿರದ ಮೀನು ಮೆತ್ತಗಾಗುತ್ತಿದ್ದ ವಿಷಯ

ಕಾರವಾರದಿಂದ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗುವ ನಮ್ಮ ರೀಫರ್ ಗಾಡಿಯಲ್ಲಿ (ಒಳಗೆ ತಂಪು ಕಾಯ್ದುಕೊಳ್ಳುವ ಲಾರಿ) ಮುಂದಿನ ಬಂಗುಡೆ ಗಡ್ಡೆ ಕಟ್ಟುತ್ತದೆ, ಬಾಗಿಲ ಹತ್ತಿರದ್ದು ಮೆತ್ತಗಾಗುತ್ತದೆ, ಯಾಕೆ ಅಂತ ಕೇಳಿದ್ದೆ.

ತಂಪು ಮಾಡುವ ಯೂನಿಟ್ ದೊಡ್ಡದು ಹಾಕಿಸಿ ಅಂದವರೇ ಜಾಸ್ತಿ. ಬೇಕಾಗಲಿಲ್ಲ. ತೊಂದರೆ ಇದ್ದದ್ದು ಗಾಳಿ ಓಡಾಡುವ ದಾರಿಯಲ್ಲಿ. ತಣ್ಣನೆ ಗಾಳಿ ಮುಂದಿನಿಂದ ಹೊರಟು, ಚಾವಣಿಗುಂಟ ಬಾಗಿಲ ತನಕ ಹೋಗಿ, ಕೆಳಗಿನಿಂದ ವಾಪಸ್ ಬರಬೇಕು. ಚಾವಣಿ ಮುಟ್ಟುವ ಹಾಗೆ ಕ್ರೇಟ್ ಪೇರಿಸಿದರೆ ಅದು ಮುಂದೆಯೇ ಸುತ್ತಿ ಯೂನಿಟ್‌ಗೆ ಮರಳುತ್ತದೆ. ಅಲ್ಲಿನ ಸೆನ್ಸರ್‌ಗೆ ಎಲ್ಲವೂ ತಣ್ಣಗಿದೆ ಅನ್ನಿಸುತ್ತದೆ! ಆಮೇಲೆ ಬಾಗಿಲ ಹತ್ತಿರದ ಮೀನು ತಣ್ಣಗಾಗಿಲ್ಲ ಅಂತ ಡ್ರೈವರ್ ಯೂನಿಟ್‌ನ ಸೆಟ್ಟಿಂಗ್ ಮೈನಸ್‌ಗೆ ಇಳಿಸುತ್ತಾರೆ, ಮುಂದಿನ ಮೀನು ಕಲ್ಲಾಗುತ್ತದೆ.

ಈಗ ಮೇಲೆ ಜಾಗ ಬಿಡುತ್ತೇವೆ, ಕೆಳಗೆ ಪ್ಯಾಲೆಟ್, ಬಾಗಿಲ ಬಳಿ ಒಂದು ಗೇಣು ಖಾಲಿ. ತುಂಬುವಾಗ ಯೂನಿಟ್ ಬಂದ್. ಇಲ್ಲದಿದ್ದರೆ ನಮ್ಮ ಕರಾವಳಿಯ ತೇವದ ಗಾಳಿ ಒಳಗೆ ನುಗ್ಗಿ ಯೂನಿಟ್‌ನ ಕಾಯಿಲ್ (ಗಾಳಿ ತಣ್ಣಗೆ ಮಾಡುವ ಕೊಳವೆಗಳು) ಮೇಲೆ ಹಿಮ ಕಟ್ಟುತ್ತದೆ. ಮೀನನ್ನಂತೂ ಮೊದಲೇ ಪುಡಿ ಐಸಿನಲ್ಲಿ ತಣ್ಣಗೆ ಮಾಡಿಯೇ ಏರಿಸುತ್ತೇವೆ. ಬಿಸಿ ಮೀನನ್ನು ದಾರಿಯಲ್ಲಿ ತಂಪು ಮಾಡುವಷ್ಟು ಶಕ್ತಿ ಈ ಗಾಡಿಗಳಿಗೆ ಇರೋದಿಲ್ಲ.

ಬಾಗಿಲ ಬಳಿಯ ಕ್ರೇಟಿಗೆ ಥರ್ಮಾಮೀಟರ್ ಚುಚ್ಚಿ ನೋಡಿದರೆ ಈಗ 4 ಡಿಗ್ರಿ ದಾಟುತ್ತಿಲ್ಲ. ಯಲ್ಲಾಪುರದಲ್ಲಿ ಮಾಲು ಇಳಿಸುವಾಗ ಮಾತ್ರ ಸ್ವಲ್ಪ ಏರುತ್ತದೆ. ಅದಕ್ಕೆ ಪ್ಲಾಸ್ಟಿಕ್ ಪಟ್ಟಿಯ ಪರದೆ ಹಾಕಿಸಬೇಕು ಅಂತಿದ್ದೇನೆ. ಹಾಕಿಸಿದವರು ಯಾರಾದರೂ ಇದ್ದೀರಾ?