ದೇವಾಲಯದ ಜೀರ್ಣೋದ್ಧಾರಕ್ಕೆ ನಿಧಿ ಸಂಗ್ರಹ: ಹಿಂದಿನ ಲೆಕ್ಕವೇ ಸಿಗದಿರುವಾಗ ಮತ್ತೆ ಕೇಳುವುದು ಹೇಗೆ?

ಪ್ರಶ್ನೆ: ಪಾಲನಾ ಮಂಡಳಿಯ ಹೊಸ ಕಾರ್ಯದರ್ಶಿ

ಎಲ್ಲರಿಗೂ ನಮಸ್ಕಾರ. ಒಂದು ಕಥೋಲಿಕ ಧರ್ಮಕೇಂದ್ರದ ಪಾಲನಾ ಮಂಡಳಿಗೆ ನಾನು ಈ ವರ್ಷವಷ್ಟೇ ಕಾರ್ಯದರ್ಶಿಯಾಗಿ ಆಯ್ಕೆಯಾಗಿದ್ದೇನೆ. ನಮ್ಮ ದೇವಾಲಯದ ಕಟ್ಟಡಕ್ಕೆ ನೂರು ವರ್ಷ ದಾಟಿದೆ. ಕಲ್ಲು ಮತ್ತು ಸುಣ್ಣದ ಗಾರೆಯ ಗೋಡೆಗಳು, ಮರದ ತೊಲೆಗಳ ಮೇಲೆ ಹೆಂಚಿನ ಮಾಡು, ಮುಂಭಾಗದಲ್ಲಿ ಒಂದು ಗಂಟೆಗೋಪುರ. ಬಲಿಪೀಠದ ಎಡಭಾಗದ ಗೋಡೆಯಲ್ಲಿ ತೇವವು ಎದೆಮಟ್ಟಕ್ಕೆ ಏರಿದ್ದು, ಅಲ್ಲಿ ಒರಗಿ ಕುಳಿತವರ ಹೆಗಲಿಗೆ ಬಿಳಿಯ ಪುಡಿ ಮೆತ್ತಿಕೊಳ್ಳುತ್ತದೆ. ಗೋಪುರದ ಬುಡದಿಂದ ಕಿಟಕಿಯ ಕಮಾನಿನವರೆಗೆ ಒಂದು ಬಿರುಕು ಓಡಿದೆ. ಮಾಡಿನ ಎರಡು ತೊಲೆಗಳ ತುದಿ ಗೋಡೆ ಸೇರುವಲ್ಲಿ ಮೆತ್ತಗಾಗಿದೆ ಎಂದು ಬಡಗಿಗಳು ಹೇಳಿದ್ದಾರೆ.

ಕಟ್ಟಡವನ್ನು ಉಳಿಸಿಕೊಳ್ಳಬೇಕೆಂಬ ವಿಷಯದಲ್ಲಿ ಮಂಡಳಿಯಲ್ಲಿ ಭಿನ್ನಾಭಿಪ್ರಾಯವಿಲ್ಲ. ತೊಡಕು ಇರುವುದು ಹಣ ಕೇಳುವುದರಲ್ಲಿ. ಸುಮಾರು ಹತ್ತು ವರ್ಷಗಳ ಹಿಂದೆ ಇದೇ ದೇವಾಲಯದ ದುರಸ್ತಿಗೆಂದು ಮನೆಮನೆಯಿಂದ ವಂತಿಗೆ ಸಂಗ್ರಹಿಸಲಾಗಿತ್ತು. ಕೆಲಸವೂ ಒಂದಿಷ್ಟು ನಡೆಯಿತು, ಆದರೆ ಲೆಕ್ಕವನ್ನು ಸಭೆಯ ಮುಂದೆ ಇಟ್ಟವರಿಲ್ಲ. ಅಂದಿನ ಗುರುಗಳು ವರ್ಗವಾಗಿ ಹೋದರು, ಖಜಾಂಚಿಯವರು ತೀರಿಕೊಂಡರು. ಈಗ ನಾವು ವಿಷಯ ಎತ್ತಿದೊಡನೆ ಹಿರಿಯರು, ‘ಹೋದ ಸಲದ್ದು ಏನಾಯಿತು?’ ಎಂದು ಕೇಳುತ್ತಾರೆ. ಉತ್ತರ ನಮ್ಮಲ್ಲಿಲ್ಲ. ಹಳೆಯದನ್ನು ಕೆದಕದೆ ಹೊಸ ಸಮಿತಿ, ಹೊಸ ಖಾತೆ ತೆರೆದು ಮುಂದುವರಿಯೋಣ ಎಂಬುದು ಮಂಡಳಿಯ ಬಹುಮತದ ಅಭಿಪ್ರಾಯ. ನನಗೆ ಅದು ಸರಿ ಕಾಣುತ್ತಿಲ್ಲವಾದರೂ ಬೇರೆ ದಾರಿಯೂ ತೋಚುತ್ತಿಲ್ಲ. ಇಂಥ ಕೆಲಸದಲ್ಲಿ ಅನುಭವವಿರುವವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಗಾರೆ ಕೆಲಸದವನು

ಹಣದ ವಿಚಾರವನ್ನು ತಿಳಿದವರು ಹೇಳಲಿ, ನಾನು ಗೋಡೆಯ ವಿಚಾರ ಹೇಳುತ್ತೇನೆ, ಏಕೆಂದರೆ ಎಷ್ಟು ಹಣ ಬೇಕೆಂಬುದು ಅಲ್ಲಿಂದಲೇ ಗೊತ್ತಾಗಬೇಕು. ಹಳೆಯ ಕಟ್ಟಡಗಳ ದುರಸ್ತಿ ನನ್ನ ಕಸುಬು. ತಾವು ಹೇಳಿದ ಬಿಳಿಯ ಪುಡಿ ಉಪ್ಪು. ನೆಲದ ನೀರು ಗೋಡೆಯೊಳಗೆ ಮೇಲೇರುವಾಗ ಕರಗಿದ ಲವಣಗಳನ್ನು ಹೊತ್ತು ತರುತ್ತದೆ. ನೀರು ಆರಿಹೋದ ಜಾಗದಲ್ಲಿ ಲವಣ ಹರಳುಗಟ್ಟಿ ಗಾರೆಯನ್ನೂ ಕಲ್ಲಿನ ಮೇಲ್ಪದರವನ್ನೂ ಒಳಗಿನಿಂದ ಒಡೆಯುತ್ತದೆ. ಸುಣ್ಣದ ಗಾರೆಗೆ ತೇವವನ್ನು ಹೊರಬಿಡುವ ಗುಣವಿದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವಕ್ಕೆ ಹೊರಗೆ ಹೋಗಲು ದಾರಿಯಿಲ್ಲದೆ, ಸಿಮೆಂಟ್ ಮುಗಿಯುವ ಎತ್ತರದವರೆಗೂ ಏರಿ ಅಲ್ಲಿ ಹೊರಬೀಳುತ್ತದೆ. ಈಗಿನ ಸಿಮೆಂಟಿನ ಮೂಲವಾದ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ. ಅದಕ್ಕೂ ಮುಂಚಿನ ಶತಮಾನಗಳ ಕಲ್ಲಿನ ಚರ್ಚುಗಳು ನಿಂತಿರುವುದು ಹೆಚ್ಚಾಗಿ ಸುಣ್ಣದ ಮೇಲೆಯೇ. ನನ್ನ ಅನುಮಾನವೇನೆಂದರೆ, ತಮ್ಮ ಗೋಡೆಗೆ ಎದೆಮಟ್ಟದವರೆಗೆ ಯಾರೋ ಸಿಮೆಂಟ್ ಬಳಿದಿದ್ದಾರೆ. ಒಮ್ಮೆ ಬೆರಳಿನ ಗೆಣ್ಣಿನಿಂದ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಸಿಮೆಂಟು ಗೋಡೆಯನ್ನು ಬಿಟ್ಟು ನಿಂತಿದೆ ಎಂದರ್ಥ.

ಬಿರುಕಿನ ಬಗ್ಗೆ ಗಾಬರಿಯಾಗುವ ಮುಂಚೆ ಅದು ಹಳೆಯದೋ ಇನ್ನೂ ಬೆಳೆಯುತ್ತಿದೆಯೋ ತಿಳಿಯಬೇಕು. ತೆಳುವಾದ ಗಾಜಿನ ಪಟ್ಟಿಯೊಂದನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು, ಎರಡೂ ತುದಿಗಳನ್ನು ಗೋಡೆಗೆ ಗಟ್ಟಿಯಾಗಿ ಕೂಡಿಸಿ, ಪಕ್ಕದಲ್ಲಿ ದಿನಾಂಕ ಬರೆಯಿರಿ. ಗೋಡೆ ಕದಲಿದರೆ ಗಾಜು ಸೀಳುತ್ತದೆ. ಒಂದು ವರ್ಷವಾದರೂ, ಅಂದರೆ ಎಲ್ಲ ಋತುಗಳೂ ಒಮ್ಮೆ ಸುತ್ತಿ ಬರುವವರೆಗೆ ನೋಡುವುದು ಒಳ್ಳೆಯದು. ಈ ನಡುವೆ ಪುರಾತನ ಕಟ್ಟಡಗಳಲ್ಲಿ ಅನುಭವವಿರುವ ವಾಸ್ತುಶಿಲ್ಪಿಯಿಂದ ಲಿಖಿತ ವರದಿ ಪಡೆಯಿರಿ. ಮೊದಲ ಸಂಗ್ರಹವನ್ನು ಆ ವರದಿಯ ಖರ್ಚಿಗೆ ಮಾತ್ರ ಮಾಡಿದರೆ ಸಾಕು.

ಕೆಲಸ ಮೇಲಿನಿಂದ ಕೆಳಕ್ಕೆ ಸಾಗಬೇಕು. ಮಾಡು, ನೀರು ಇಳಿಯುವ ದೋಣಿ, ಗೋಡೆಯ ಬುಡದ ಚರಂಡಿ ಸರಿಯಾಗದೆ ಗೋಡೆಗೆ ಕೈ ಹಾಕಿದರೆ ಹಣ ನೀರಿನಲ್ಲಿ ಹೋದಂತೆಯೇ. ಗೋಡೆ ಆರಿದ ಮೇಲೆ ಸುಣ್ಣದ ಗಾರೆ. ಅದು ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಗಟ್ಟಿಯಾಗುವ ವಸ್ತು, ಅವಸರದ ಗುತ್ತಿಗೆದಾರರಿಗೆ ಒಗ್ಗುವುದಿಲ್ಲ. ಬಣ್ಣ ಕಟ್ಟಕಡೆಗೆ. ವಂತಿಗೆ ಕೊಟ್ಟವರು ಮೊದಲು ಕೇಳುವುದು ಬಣ್ಣವನ್ನೇ ಎಂಬುದು ನನಗೂ ಗೊತ್ತು.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ತಾವು ಹೇಳಿದಂತೆ ತಟ್ಟಿ ನೋಡಿದೆ. ಸದ್ದು ಟೊಳ್ಳಾಗಿಯೇ ಇದೆ. ವಿಚಾರಿಸಿದಾಗ, ಹತ್ತು ವರ್ಷಗಳ ಹಿಂದಿನ ಸಂಗ್ರಹದ ಹಣದಲ್ಲಿ ಮಾಡಿಸಿದ ಕೆಲಸವೇ ಈ ಸಿಮೆಂಟಿನ ಲೇಪ ಎಂದು ತಿಳಿಯಿತು. ಉಳಿದ ಹಣವನ್ನು ಸಭಾಭವನದ ಕಟ್ಟಡಕ್ಕೆ ಬಳಸಲಾಯಿತೆಂದೂ ಕೆಲವರು ಹೇಳುತ್ತಾರೆ. ಇದನ್ನೆಲ್ಲ ಜನರ ಮುಂದೆ ಹೇಳಿದರೆ ಇದ್ದ ಅಲ್ಪಸ್ವಲ್ಪ ನಂಬಿಕೆಯೂ ಹೋದೀತೆಂಬ ಭಯ ಮಂಡಳಿಗೆ.

ಉತ್ತರ 2: ನಿವೃತ್ತ ಲೆಕ್ಕಪರಿಶೋಧಕ

ಆ ಭಯಕ್ಕೆ ಮಣಿಯಬೇಡಿ. ತಮ್ಮ ಜನರಿಗೆ ತಿಳಿಯದ್ದೇನೂ ಇದರಲ್ಲಿ ಇರಲಾರದು. ಮಂಡಳಿ ಅದನ್ನು ತನ್ನ ಬಾಯಿಂದ ಹೇಳಿಲ್ಲ, ಅಷ್ಟೇ. ಹೊಸ ಖಾತೆ ತೆರೆಯುವ ಮೊದಲು ಹಳೆಯ ಲೆಕ್ಕವನ್ನು, ಅದು ಎಷ್ಟೇ ಹರಿದುಹೋಗಿರಲಿ, ಸಭೆಯ ಮುಂದೆ ಇಡಿ.

ಇದು ಔದಾರ್ಯದ ಮಾತಲ್ಲ, ಧರ್ಮಸಭೆಯ ಕಾನೂನೇ ಹಾಗಿದೆ. 1983ರ ಕ್ಯಾನನ್ ಕಾನೂನು ಸಂಹಿತೆಯ 1267ನೆಯ ಕ್ಯಾನನ್ನಿನ ಮೂರನೆಯ ಭಾಗದ ಪ್ರಕಾರ, ಭಕ್ತರು ಒಂದು ನಿರ್ದಿಷ್ಟ ಉದ್ದೇಶಕ್ಕೆ ಕೊಟ್ಟ ಕಾಣಿಕೆಯನ್ನು ಆ ಉದ್ದೇಶಕ್ಕೆ ಮಾತ್ರ ಬಳಸಬಹುದು. 1287ನೆಯ ಕ್ಯಾನನ್ನಿನ ಎರಡನೆಯ ಭಾಗವು, ಭಕ್ತರು ಕೊಟ್ಟದ್ದರ ಲೆಕ್ಕವನ್ನು ಧರ್ಮಪ್ರಾಂತ್ಯದ ನಿಯಮಗಳಿಗೆ ಅನುಸಾರವಾಗಿ ಭಕ್ತರಿಗೇ ಒಪ್ಪಿಸಬೇಕೆನ್ನುತ್ತದೆ. ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕೆಂದು 537ನೆಯದು ಹೇಳುತ್ತದೆ. ಹಾಗಾಗಿ ದುರಸ್ತಿಯ ಹಣ ಸಭಾಭವನಕ್ಕೆ ಹೋಗಿದ್ದರೆ, ಆ ಭವನ ಎಷ್ಟೇ ಉಪಯುಕ್ತವಾಗಿದ್ದರೂ, ಅದು ತಪ್ಪೇ. ಅದನ್ನು ತಪ್ಪೆಂದು ಬರೆದು, ಧರ್ಮಾಧ್ಯಕ್ಷರ ಕಚೇರಿಗೂ ತಿಳಿಸಿ, ಭವನದ ಆದಾಯದಿಂದ ವರ್ಷವರ್ಷ ಇಷ್ಟೆಂದು ದುರಸ್ತಿ ನಿಧಿಗೆ ಮರಳಿಸುವ ನಿರ್ಣಯ ಮಾಡಲಾದರೆ ಅದಕ್ಕಿಂತ ದೊಡ್ಡ ಮನವಿಪತ್ರ ಬೇಕಾಗಿಲ್ಲ.

ದೊಡ್ಡ ಪ್ರಮಾಣದಲ್ಲೂ ಇದೇ ನಿಯಮ ನಡೆಯುತ್ತದೆ. ಪ್ಯಾರಿಸ್ಸಿನ ನೋತ್ರ್‌ದಾಮ್ ಪ್ರಧಾನಾಲಯಕ್ಕೆ 2019ರ ಏಪ್ರಿಲ್ 15ರಂದು ಬೆಂಕಿ ಬಿದ್ದ ಮೇಲೆ ಸುಮಾರು 150 ದೇಶಗಳ 3.4 ಲಕ್ಷ ದಾನಿಗಳಿಂದ ಸುಮಾರು 84 ಕೋಟಿ ಯೂರೋ ಬಂತು. 2024ರ ಡಿಸೆಂಬರಿನಲ್ಲಿ ಬಾಗಿಲು ತೆರೆಯುವ ಹೊತ್ತಿಗೆ ಸುಮಾರು 14 ಕೋಟಿ ಯೂರೋ ಉಳಿಯುವುದೆಂದು ಲೆಕ್ಕ ಸಿಕ್ಕಾಗ, ಅದನ್ನು ಬೇರೆ ಕಡೆಗೆ ತಿರುಗಿಸದೆ, ಬೆಂಕಿಗೂ ಮುಂಚಿನಿಂದಲೇ ಶಿಥಿಲವಾಗಿದ್ದ ಅದೇ ಕಟ್ಟಡದ ಹೊರಭಾಗಕ್ಕೆ ಮೀಸಲಿಟ್ಟರು. ತಮ್ಮ ಮನವಿಯಲ್ಲೂ ಒಂದು ಸಾಲು ಮೊದಲೇ ಇರಲಿ: ಹಣ ಮಿಕ್ಕರೆ ಯಾವುದಕ್ಕೆ, ಕೆಲಸ ನಿಂತರೆ ಏನು ಎಂಬುದನ್ನು ಕೊಡುವಾಗಲೇ ದಾನಿ ಓದಿರಬೇಕು.

ಹಳೆಯ ಲೆಕ್ಕ ಕಟ್ಟುವುದು ತಾವು ಅಂದುಕೊಂಡಷ್ಟು ಕಷ್ಟವಲ್ಲ. ಬ್ಯಾಂಕಿನ ಹಳೆಯ ವಿವರಪಟ್ಟಿ ಕೇಳಿ ಪಡೆಯಿರಿ, ರಸೀದಿ ಪುಸ್ತಕಗಳ ಅಡಿಪ್ರತಿಗಳನ್ನು ಕಪಾಟುಗಳಲ್ಲಿ ಹುಡುಕಿ, ಮನೆಯಲ್ಲಿ ರಸೀದಿ ಇಟ್ಟುಕೊಂಡವರು ತಂದು ತೋರಿಸಲೆಂದು ಬಲಿಪೂಜೆಯ ನಂತರ ಪ್ರಕಟಿಸಿ. ಹಾಗೆ ಪ್ರಕಟಿಸಿದಾಗ ಜನ ಬೈಬಲಿನ ಪುಟಗಳ ನಡುವಿನಿಂದ ರಸೀದಿ ತೆಗೆದುಕೊಂಡು ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಿಕ್ಕಿದ್ದಕ್ಕೆ ಸಿಕ್ಕಿತೆಂದೂ, ಸಿಗದಿದ್ದಕ್ಕೆ ಸಿಗಲಿಲ್ಲವೆಂದೂ ಬರೆಯಿರಿ. ಅಂದಾಜಿನಲ್ಲಿ ಹೊಂದಿಸಿದ ಲೆಕ್ಕವು ತೂತುಗಳಿರುವ ಲೆಕ್ಕಕ್ಕಿಂತ ಕೆಟ್ಟದ್ದು. ತೀರಿಕೊಂಡ ಖಜಾಂಚಿಯವರ ಹೆಸರನ್ನು ಮಾತ್ರ ಎಲ್ಲಿಯೂ ಎಳೆಯಬೇಡಿ. ಉತ್ತರಿಸಲಾಗದವರ ಮೇಲೆ ಹೊರೆ ಹಾಕುವುದು ನ್ಯಾಯವಲ್ಲ, ಅದು ಮಂಡಳಿಯ ಲೆಕ್ಕ.

ಹೊಸದಕ್ಕೆ ಪ್ರತ್ಯೇಕ ಖಾತೆ, ಇಬ್ಬರ ಸಹಿ, ಕ್ರಮಸಂಖ್ಯೆ ಅಚ್ಚಾದ ರಸೀದಿ. ವಾಗ್ದಾನ ಮಾಡಿದ ಮೊತ್ತವನ್ನೂ ಕೈಗೆ ಬಂದ ಮೊತ್ತವನ್ನೂ ಎಂದಿಗೂ ಒಟ್ಟು ಕೂಡಿಸಿ ಹೇಳಬೇಡಿ.

ಉತ್ತರ 3: ಇಂಥದ್ದೇ ಒಂದು ಸಮಿತಿಯಲ್ಲಿದ್ದವರು

ಮೇಲಿನ ಇಬ್ಬರ ಮಾತಿಗೂ ನನ್ನ ಸಹಮತವಿದೆ. ನಮ್ಮಲ್ಲಿ ಆದ ಒಂದು ಎಡವಟ್ಟನ್ನು ಮಾತ್ರ ಸೇರಿಸುತ್ತೇನೆ. ನಮಗೆ ಹಣದ ಕೊರತೆಗಿಂತ ಹೆಚ್ಚು ತೊಂದರೆ ಕೊಟ್ಟದ್ದು ಒಬ್ಬ ದೊಡ್ಡ ದಾನಿ. ಚರಂಡಿಗೆ ಕೊಡಲು ಅವರಿಗೆ ಮನಸ್ಸಿರಲಿಲ್ಲ. ಚರಂಡಿಯ ಮೇಲೆ ಯಾರ ಹೆಸರನ್ನು ಕೆತ್ತುತ್ತಾರೆ? ದೇವಾಲಯದ ನೆಲಕ್ಕೆಲ್ಲ ಅಮೃತಶಿಲೆ ಹಾಕಿಸುವುದಾಗಿ ಹೇಳಿದರು. ನಾವು ಸಂತೋಷದಿಂದ ಒಪ್ಪಿಕೊಂಡೆವು. ನೆಲದಿಂದ ಮೊದಲು ಮೆಲ್ಲಗೆ ಆರುತ್ತಿದ್ದ ತೇವವು ಕಲ್ಲಿನ ಹಾಸಿನಡಿ ಸಿಕ್ಕಿಕೊಂಡು ಗೋಡೆಗಳ ಕಡೆಗೆ ತಿರುಗಿತು, ಎರಡೇ ವರ್ಷದಲ್ಲಿ ಒಣಗಿದ್ದ ಗೋಡೆಯೂ ಹಸಿಯಾಯಿತು. ಕೊಟ್ಟವರ ಎದುರು ಅದನ್ನು ಹೇಳುವ ಧೈರ್ಯ ನಮಗೆ ಇಂದಿಗೂ ಬಂದಿಲ್ಲ. ಆದ್ದರಿಂದ ವರದಿಯಲ್ಲಿ ಇಲ್ಲದ ಕೆಲಸಕ್ಕೆ ಯಾರು ಎಷ್ಟೇ ಕೊಟ್ಟರೂ ಸ್ವೀಕರಿಸುವುದಿಲ್ಲವೆಂಬ ನಿರ್ಣಯವನ್ನು, ದಾನಿ ಎದುರಿಗೆ ಬಂದು ಕೂರುವ ಮೊದಲೇ ಬರೆದಿಡಿ.

ಹೆಸರಿನ ಆಸೆ ತಪ್ಪೆಂದು ನಾನು ಹೇಳುವುದಿಲ್ಲ, ಅದನ್ನು ಸಣ್ಣ ಮೊತ್ತಗಳಿಗೆ ಹಂಚಿದರೆ ಒಳ್ಳೆಯದಾಗುತ್ತದೆ. 1945ರಲ್ಲಿ ನೆಲಸಮವಾದ ಜರ್ಮನಿಯ ಡ್ರೆಸ್ಡೆನ್ನಿನ ಫ್ರಾವೆನ್‌ಕಿರ್ಖೆಯನ್ನು 1994ರಿಂದ 2005ರೊಳಗೆ ಮತ್ತೆ ಕಟ್ಟಿದಾಗ, ಒಂದೊಂದು ಕಲ್ಲಿಗೂ ಪ್ರಾಯೋಜಕರಾಗಲು ಜನರಿಗೆ ಅವಕಾಶವಿತ್ತು. ಸುಮಾರು 18 ಕೋಟಿ ಯೂರೋ ವೆಚ್ಚದಲ್ಲಿ ಅರ್ಧಕ್ಕಿಂತ ಹೆಚ್ಚು ದೇಣಿಗೆಯಿಂದಲೇ ಬಂತು. ಹೆಂಚು, ರೀಪು, ತೊಲೆ ಎಂದು ಮಾಡನ್ನೇ ಬಿಡಿಬಿಡಿಯಾಗಿ ಬರೆದು ಹಾಕಿ, ಎಷ್ಟು ತುಂಬಿತೆಂದು ಭಾನುವಾರ ಭಾನುವಾರ ಗುರುತು ಹಾಕಿದರೆ ಮಕ್ಕಳೂ ನಿಂತು ಎಣಿಸುತ್ತಾರೆ. ಮುಗಿದ ಮೇಲೆಯೂ ನಿಧಿಯನ್ನು ಮುಚ್ಚಬೇಡಿ. ಕಲೋನ್ ಪ್ರಧಾನಾಲಯವನ್ನು ಪೂರ್ಣಗೊಳಿಸಲೆಂದು 1842ರಲ್ಲಿ ಹುಟ್ಟಿದ ಸಂಘವು, 1880ರಲ್ಲಿ ಕಟ್ಟಡ ಮುಗಿದ ಮೇಲೂ ವಿಸರ್ಜನೆಯಾಗದೆ ಇಂದಿಗೂ ಅದರ ನಿರ್ವಹಣೆಗೆ ಹಣ ಒದಗಿಸುತ್ತಿದೆ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಮೂವರಿಗೂ ಕೃತಜ್ಞತೆಗಳು. ನಿನ್ನೆಯ ಸಭೆಯಲ್ಲಿ ಈ ಉತ್ತರಗಳನ್ನು ಓದಿ ಹೇಳಿದೆ. ಹಳೆಯ ಲೆಕ್ಕವನ್ನು ಸಭೆಯ ಮುಂದೆ ಇಡುವುದೆಂದು ತೀರ್ಮಾನವಾಗಿದೆ. ವಿರೋಧಿಸಿದವರು ಇಬ್ಬರು, ಅವರ ಆಕ್ಷೇಪವನ್ನೂ ನಡಾವಳಿಯಲ್ಲಿ ದಾಖಲಿಸಿದ್ದೇವೆ. ಸಭಾಭವನದ ಆದಾಯದ ವಿಷಯ ಗುರುಗಳೊಂದಿಗೆ ಮಾತಾಡಿದ ಮೇಲೆ ನಿರ್ಧಾರವಾಗಲಿದೆ. ಗೋಪುರದ ಬಿರುಕಿಗೆ ಎರಡು ಕಡೆ ಗಾಜು ಕೂಡಿಸಿ ದಿನಾಂಕ ಬರೆದೆವು. ರಸೀದಿ ಪುಸ್ತಕಗಳಲ್ಲಿ ಈವರೆಗೆ ಒಂಬತ್ತು ಸಿಕ್ಕಿವೆ. ಕ್ರಮಸಂಖ್ಯೆಯ ಪ್ರಕಾರ ಇನ್ನೂ ಮೂರು ಇರಬೇಕು, ಅವುಗಳ ಸಂಖ್ಯೆಗಳನ್ನು ಬರುವ ಭಾನುವಾರ ಬಾಗಿಲ ಬಳಿಯ ಫಲಕದಲ್ಲಿ ಹಾಕುತ್ತೇವೆ.