ಅಪ್‌ಡೇಟ್: ನೀರಿನ ಘಟಕ ಶುರುವಾಯಿತು, ಚರಂಡಿ ಮಾತ್ರ ಹಾಗೇ ಇದೆ

ಕೋಲಾರದ ಹತ್ತಿರದ ನಮ್ಮೂರಲ್ಲಿ ಶುದ್ಧ ನೀರಿನ ಘಟಕ ಕೆಟ್ಟು ನಿಂತಿದೆ, ಚರಂಡಿಯೂ ತುಂಬಿದೆ, ಪಂಚಾಯಿತಿಯಲ್ಲಿ ಯಾರನ್ನು ಹಿಡಿಯಬೇಕು ಅಂತ ಕೇಳಿದ್ದೆ. 'ಸುಮ್ನೆ ಆಫೀಸಿಗೆ ಅಲೆಯಬೇಡಿ, ವಾರ್ಡ್ ಸಭೆಯಲ್ಲಿ ಬರೆಸಿ' ಅಂದವರಿಗೆ ಥ್ಯಾಂಕ್ಸ್. ಅದೇ ಕೆಲಸಕ್ಕೆ ಬಂತು.

ಅಲ್ಲಿ ಬರೆಸಿದ್ದು ಗ್ರಾಮಸಭೆಗೆ ಹೋಯಿತು. ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಾಹೇಬರು 'ಅನುದಾನ ಬರಲಿ, ನೋಡೋಣ' ಅಂತ ಶುರು ಮಾಡಿದರು. 'ಕೇಂದ್ರದಿಂದ ಪಂಚಾಯಿತಿಗೆ ಬರುವ 15ನೇ ಹಣಕಾಸು ಆಯೋಗದ ದುಡ್ಡಲ್ಲಿ ಒಂದು ಪಾಲು ಕುಡಿಯುವ ನೀರಿಗೇ ಅಂತ ಇದೆ ಅಲ್ವಾ ಸಾರ್' ಅಂದೆ. ಮಾತಿನ ವರಸೆ ಬದಲಾಯಿತು. ಸಭೆಯ ತೀರ್ಮಾನ ದಾಖಲಿಸುವ ನಡಾವಳಿ ಪುಸ್ತಕದಲ್ಲಿ ಬರೆಯುವವರೆಗೂ ನಮ್ಮ ಬೀದಿಯ ಹೆಂಗಸರು ಜಾಗ ಬಿಟ್ಟು ಏಳಲಿಲ್ಲ.

ಈಗ ಹೊಸ ಫಿಲ್ಟರ್ ಬಂದಿದೆ. ಕಾಯಿನ್ ಹಾಕಿದರೆ ಕ್ಯಾನ್ ತುಂಬುತ್ತದೆ. 'ಬೋರ್ ನೀರು ಕಾಯಿಸಿ ಕುಡಿದರೆ ಸಾಲದಾ' ಅಂತ ಒಬ್ಬರು ಕೇಳಿದ್ದರು. ನಮ್ಮ ಕಡೆ ಫ್ಲೋರೈಡ್ ಜಾಸ್ತಿ. ಕಾಯಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಲ್ಲಿ ಅದರ ಪ್ರಮಾಣ ಇನ್ನೂ ಜಾಸ್ತಿಯಾಗುತ್ತದೆ.

ಚರಂಡಿ ಮಾತ್ರ ಕ್ರಿಯಾ ಯೋಜನೆಗೆ, ಅಂದರೆ ಪಂಚಾಯಿತಿ ಮಾಡಬೇಕಾದ ಕೆಲಸಗಳ ಪಟ್ಟಿಗೆ, ಸೇರಲಿಲ್ಲ. ಗ್ರಾಮಸಭೆ ಆರು ತಿಂಗಳಿಗೊಮ್ಮೆ. ಜನ ಸೇರದಿದ್ದರೆ ಕೋರಂ ಇಲ್ಲ ಅಂತ ಮುಂದಕ್ಕೆ ಹಾಕುತ್ತಾರೆ. ಅದಕ್ಕೇ ಡೇರಿಗೆ ಹಾಲು ಹಾಕಲು ಬರುವವರಿಗೆಲ್ಲ ಈಗಿಂದಲೇ ಹೇಳಿಡುತ್ತಿದ್ದೇನೆ.